ಸಂಪತ್ತು ತೆರಿಗೆಯ ಪ್ರಸ್ತಾಪವನ್ನು ಅಳೆದು ನೋಡುವುದು ಹೇಗೆ

ಅತಿ ಶ್ರೀಮಂತರ ಒಟ್ಟು ಆಸ್ತಿಯ ಮೇಲೆ ವರ್ಷಕ್ಕೊಮ್ಮೆ ತೆರಿಗೆ ವಿಧಿಸಬೇಕೆಂಬ ಮಾತು ಬಜೆಟ್ಟಿನ ದಿನಗಳಲ್ಲೂ ಚುನಾವಣೆಯ ದಿನಗಳಲ್ಲೂ ಕೇಳಿಬರುತ್ತದೆ. ಮೈಸೂರಿನ ಕಾಲೇಜುಗಳ ಚರ್ಚಾಕೂಟಗಳಲ್ಲಿ ಅದು ಸಾಮಾಜಿಕ ನ್ಯಾಯದ ಪ್ರಶ್ನೆಯಾಗಿ ಏಳುತ್ತದೆ. ಮಂಡ್ಯದ ಕಡೆಯ ಸಭೆಗಳಲ್ಲಿ ‘ನಾಳೆ ಅದು ನಮ್ಮ ಗದ್ದೆಗೂ ಬಂದೀತೇ’ ಎಂಬ ಆತಂಕವಾಗಿ ಏಳುತ್ತದೆ. ಎರಡೂ ಕಡೆ ಜನ ಮೊದಲು ಕೇಳುವುದು ದರ ಎಷ್ಟು ಎಂದು. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಆಸ್ತಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದನ್ನು ಮೊದಲು ನೋಡಿದರೆ ಆ ತೆರಿಗೆ ನ್ಯಾಯವೇ ಅಲ್ಲವೇ, ನಡೆಯುವುದೇ ಇಲ್ಲವೇ ಎಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ. ಇಂಥ ಚರ್ಚೆಯನ್ನು ನಡೆಸಬೇಕಾದವರು, ಮನವಿಪತ್ರ ಬರೆಯಬೇಕಾದವರು ಯಾವ ಕ್ರಮದಲ್ಲಿ ಪರಿಶೀಲಿಸಬಹುದು ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಅಧಿಕಾರ ಯಾರದು

ಈ ಪ್ರಶ್ನೆಯನ್ನು ಬೇಗ ಮುಗಿಸಬಹುದು. ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 86ನೆಯ ನಮೂದು ವ್ಯಕ್ತಿಗಳ ಮತ್ತು ಕಂಪನಿಗಳ ಆಸ್ತಿಯ ಬಂಡವಾಳ ಮೌಲ್ಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ; ಅದರಲ್ಲಿ ಕೃಷಿ ಭೂಮಿ ಸೇರಿಲ್ಲ. ಜಮೀನು ಮತ್ತು ಕಟ್ಟಡಗಳ ಮೇಲಿನ ತೆರಿಗೆ ರಾಜ್ಯ ಪಟ್ಟಿಯ 49ನೆಯ ನಮೂದಿನಲ್ಲಿದೆ. ನಾವು ಪಾಲಿಕೆಗೋ ಪಂಚಾಯಿತಿಗೋ ಕಟ್ಟುವ ಮನೆ ಕಂದಾಯದ ಮೂಲ ಅದು. ಆದ್ದರಿಂದ ಷೇರು, ಠೇವಣಿ, ಚಿನ್ನ ಎಲ್ಲವನ್ನೂ ಕೂಡಿಸಿ ತೆರಿಗೆ ಹಾಕಿ ಎಂದು ವಿಧಾನಸೌಧಕ್ಕೆ ಮನವಿ ಸಲ್ಲಿಸಿ ಪ್ರಯೋಜನವಿಲ್ಲ, ಅದನ್ನು ಲೋಕಸಭಾ ಸದಸ್ಯರಿಗೆ ಸಲ್ಲಿಸಬೇಕು. ಕೃಷಿ ಭೂಮಿಯ ವಿಷಯದಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. 1969ರಲ್ಲಿ ಸಂಸತ್ತು ಅದನ್ನೂ ಸಂಪತ್ತು ತೆರಿಗೆಯೊಳಗೆ ತಂದಿತು, ಮತ್ತು ಹರಭಜನ್ ಸಿಂಗ್ ಧಿಲ್ಲೋಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1971ರಲ್ಲಿ ನಾಲ್ಕಕ್ಕೆ ಮೂರರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಸಂವಿಧಾನವೇ ಗದ್ದೆಯನ್ನು ಕಾಪಾಡುತ್ತದೆ ಎಂದು ಸಭೆಯಲ್ಲಿ ಯಾರಾದರೂ ಭರವಸೆ ಕೊಟ್ಟರೆ ಈ ತೀರ್ಪನ್ನು ನೆನಪಿಸಬೇಕು. ಕಾಪಾಡಬೇಕಾದದ್ದು ಕಾಯ್ದೆಯ ಮಿತಿ ಮತ್ತು ವಿನಾಯಿತಿಗಳೇ.

ಮಿತಿಯನ್ನು ನಿಮ್ಮ ಊರಿನ ಲೆಕ್ಕಕ್ಕೆ ಹಚ್ಚಿ ನೋಡಿ

ಪ್ರತಿಯೊಂದು ಪ್ರಸ್ತಾಪದಲ್ಲೂ ಒಂದು ಮಿತಿ ಇರುತ್ತದೆ. ಆ ಮಿತಿಯವರೆಗಿನ ಆಸ್ತಿಗೆ ತೆರಿಗೆಯಿಲ್ಲ. ಅದನ್ನು ಮೀರಿದ ಭಾಗಕ್ಕೆ ಮಾತ್ರ ಉಂಟು. ಭಾರತದ ಬಗ್ಗೆ ವಿಶ್ವ ಅಸಮಾನತೆ ಪ್ರಯೋಗಾಲಯದ ಸಂಶೋಧಕರು 2024ರಲ್ಲಿ ಮುಂದಿಟ್ಟ ಪ್ರಸ್ತಾಪವನ್ನೇ ತೆಗೆದುಕೊಳ್ಳೋಣ: 10 ಕೋಟಿ ರೂಪಾಯಿ ಮೀರಿದ ನಿವ್ವಳ ಸಂಪತ್ತಿನ (ಸಾಲ ಕಳೆದು ಉಳಿಯುವ ಆಸ್ತಿಯ) ಮೇಲೆ ವರ್ಷಕ್ಕೆ ಶೇಕಡಾ 2, ಅದೇ ಮಿತಿ ಮೀರಿದ ಪಿತ್ರಾರ್ಜಿತದ ಮೇಲೆ ಶೇಕಡಾ 33. ಹನ್ನೆರಡು ಕೋಟಿ ನಿವ್ವಳ ಸಂಪತ್ತಿರುವವರು ಕಟ್ಟಬೇಕಾದದ್ದು ಹನ್ನೆರಡು ಕೋಟಿಯ ಶೇಕಡಾ ಎರಡನ್ನಲ್ಲ, ಎರಡು ಕೋಟಿಯ ಶೇಕಡಾ ಎರಡನ್ನು, ಅಂದರೆ 4 ಲಕ್ಷ ರೂಪಾಯಿಯನ್ನು. ಚರ್ಚೆಯ ಅರ್ಧದಷ್ಟು ಗಾಬರಿ ಈ ಒಂದು ಲೆಕ್ಕ ತಿಳಿಯದೆ ಹುಟ್ಟುತ್ತದೆ.

ಈಗ ಮಂಡ್ಯದ ಆತಂಕಕ್ಕೆ ಬರೋಣ. ಮದ್ದೂರಿನ ಆಸುಪಾಸಿನಲ್ಲಿ, ಬೆಂಗಳೂರು–ಮೈಸೂರು ಹೆದ್ದಾರಿಗೆ ಹತ್ತಿರ ನಾಲ್ಕು ಎಕರೆ ನೀರಾವರಿ ಜಮೀನುಳ್ಳ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಎಕರೆಗೆ ಒಂದೂವರೆ ಕೋಟಿ ಎಂದು ಹಿಡಿದರೆ ಜಮೀನು 6 ಕೋಟಿ, ಮನೆ 50 ಲಕ್ಷ, ಸಹಕಾರ ಸಂಘದ ಮತ್ತು ಬ್ಯಾಂಕಿನ ಸಾಲ 20 ಲಕ್ಷ, ನಿವ್ವಳ 6.3 ಕೋಟಿ. ಹತ್ತು ಕೋಟಿಯ ಮಿತಿಯಲ್ಲಿ ಈ ಕುಟುಂಬಕ್ಕೆ ಒಂದು ಪೈಸೆಯ ತೆರಿಗೆಯೂ ಇಲ್ಲ. ಅದೇ ಮಿತಿಯನ್ನು ಐದು ಕೋಟಿಗೆ ಇಳಿಸಿದರೆ 1.3 ಕೋಟಿಯ ಮೇಲೆ 2.6 ಲಕ್ಷ ರೂಪಾಯಿ ಬೀಳುತ್ತದೆ. ನಾಲ್ಕೆಕರೆಯಲ್ಲೂ ಕಬ್ಬು, ಎಕರೆಗೆ 40 ಟನ್, ಟನ್ನಿಗೆ 3,000 ರೂಪಾಯಿ ಎಂದಿಟ್ಟುಕೊಂಡರೆ ಬರುವುದು 4.8 ಲಕ್ಷ, ಬಿತ್ತನೆ, ಗೊಬ್ಬರ, ಕಟಾವು, ಸಾಗಣೆಗೆ ಅರ್ಧ ಕಳೆದರೆ ಉಳಿಯುವುದು 2.4 ಲಕ್ಷ. ವರ್ಷದ ದುಡಿಮೆಯೆಲ್ಲವನ್ನೂ ಒಪ್ಪಿಸಿದರೂ ತೆರಿಗೆ ತೀರುವುದಿಲ್ಲ. ದರ ಒಂದೇ ಇದ್ದರೂ ಮಿತಿ ಬದಲಾದ ಮಾತ್ರಕ್ಕೆ ಅದೇ ತೆರಿಗೆ ಒಂದು ಕಡೆ ನ್ಯಾಯವೂ ಇನ್ನೊಂದು ಕಡೆ ಕ್ರೌರ್ಯವೂ ಆಗಬಹುದೆಂಬುದನ್ನು ತೋರಿಸಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ನಿಮ್ಮ ಸಭೆಯಲ್ಲಿ ನಿಮ್ಮ ಹೋಬಳಿಯ ಬೆಲೆಗಳನ್ನೇ ಹಾಕಿ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿ ತೋರಿಸಿ.

ಮಿತಿ ಬೆಲೆಯೇರಿಕೆಯ ಜೊತೆಗೆ ಏರುತ್ತದೆಯೇ ಎಂಬುದನ್ನೂ ಕೇಳಬೇಕು. ನಮ್ಮ ಹಿಂದಿನ ಸಂಪತ್ತು ತೆರಿಗೆಯಲ್ಲಿ 1993ರಿಂದ 2009ರವರೆಗೆ ಮಿತಿ 15 ಲಕ್ಷ ರೂಪಾಯಿಯಲ್ಲೇ ನಿಂತಿತ್ತು, ಅನಂತರ 30 ಲಕ್ಷವಾಯಿತು. ಒಂದು ಮನೆಗೆ, ಇಲ್ಲವೇ 500 ಚದರ ಮೀಟರಿನೊಳಗಿನ ಒಂದು ನಿವೇಶನಕ್ಕೆ ವಿನಾಯಿತಿ ಇತ್ತು ನಿಜ. ಆದರೆ ವಾಸಕ್ಕೊಂದು ಮನೆ, ಮಗಳ ಮದುವೆಗೆಂದು ಕುವೆಂಪುನಗರದಲ್ಲೋ ವಿಜಯನಗರದಲ್ಲೋ ಎಂದೋ ಕೊಂಡಿಟ್ಟ ಒಂದು ನಿವೇಶನ ಇದ್ದ ನಿವೃತ್ತ ನೌಕರರೂ ನಿವೇಶನದ ಬೆಲೆ ಏರುತ್ತಿದ್ದಂತೆ ಆ ಬಲೆಯೊಳಗೆ ಬರುವಂತಿತ್ತು.

ಹೊರಗುಳಿದದ್ದೇನು: ಮುಖ್ಯ ಪರೀಕ್ಷೆ

ಭಾರತಕ್ಕೆ ಸಂಪತ್ತು ತೆರಿಗೆ ಹೊಸದಲ್ಲ. ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಅವರು 1956ರಲ್ಲಿ ಕೊಟ್ಟ ಸಲಹೆಯ ಮೇಲೆ 1957ರಲ್ಲಿ ಕಾಯ್ದೆ ಬಂದಿತು; 2015ರ ಬಜೆಟ್ಟಿನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅದನ್ನು ರದ್ದು ಮಾಡಿದರು. ರದ್ದು ಮಾಡುವಾಗ ಅವರು ಕೊಟ್ಟ ಕಾರಣ ಸ್ಪಷ್ಟವಾಗಿತ್ತು: 2013–14ರಲ್ಲಿ ಇಡೀ ದೇಶದಲ್ಲಿ ಸಂಗ್ರಹವಾದ ಸಂಪತ್ತು ತೆರಿಗೆ 1,008 ಕೋಟಿ ರೂಪಾಯಿ, ಅದನ್ನು ಸಂಗ್ರಹಿಸುವ ಖರ್ಚು ಮತ್ತು ಶ್ರಮ ಮಾತ್ರ ಹೆಚ್ಚು. ಅದೇ ವರ್ಷ ನೇರ ತೆರಿಗೆಗಳ ಒಟ್ಟು ಸಂಗ್ರಹ ಸುಮಾರು 6.38 ಲಕ್ಷ ಕೋಟಿ. ನೂರು ರೂಪಾಯಿಗೆ ಹದಿನಾರು ಪೈಸೆಯೂ ಪೂರ್ತಿ ಬರದ ತೆರಿಗೆಯನ್ನು ಉಳಿಸಿಕೊಳ್ಳಿ ಎಂದು ವಾದಿಸುವುದು ಕಷ್ಟವೇ.

ಆದರೆ ಅಷ್ಟು ಕಡಿಮೆ ಬಂದದ್ದೇಕೆ? ಸಂಪತ್ತು ತೆರಿಗೆ ಆಗದ ಮಾತು ಎನ್ನುವವರು ಈ 1,008 ಕೋಟಿಯನ್ನೇ ಸಾಕ್ಷಿಯಾಗಿ ತೋರಿಸುತ್ತಾರಾದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ತೆರಿಗೆ ಸುಧಾರಣೆಗೆಂದು ನೇಮಿಸಿದ್ದ ರಾಜಾ ಚೆಲ್ಲಯ್ಯ ಸಮಿತಿಯ ಶಿಫಾರಸಿನ ಮೇಲೆ 1992ರ ಹಣಕಾಸು ಕಾಯ್ದೆಯು ಷೇರು, ಸಾಲಪತ್ರ, ಬ್ಯಾಂಕ್ ಠೇವಣಿ ಮುಂತಾದವನ್ನು ‘ಉತ್ಪಾದಕ ಆಸ್ತಿ’ ಎಂದು ತೆರಿಗೆಯಿಂದ ಹೊರಗಿಟ್ಟಿತು. ಉಳಿದದ್ದು ಎರಡನೆಯ ಮನೆ, ನಗರದ ಖಾಲಿ ಜಾಗ, ಕಾರು, ಒಡವೆ, ಚಿನ್ನದ ಗಟ್ಟಿ, ವಿಹಾರ ನೌಕೆ, 50,000 ರೂಪಾಯಿ ಮೀರಿದ ನಗದು. ಉಳಿತಾಯವೆಂದರೆ ಚಿನ್ನ ಮತ್ತು ನಿವೇಶನ ಎಂದು ತಿಳಿದ ಕುಟುಂಬಕ್ಕೆ ತಟ್ಟುವ ಆಸ್ತಿಗಳಿವು. ಸಾವಿರಾರು ಕೋಟಿಯ ಒಡೆಯರ ಸಂಪತ್ತು ಇವುಗಳಲ್ಲಿಲ್ಲ, ತಾವೇ ಕಟ್ಟಿದ ಅಥವಾ ತಂದೆಯಿಂದ ಬಂದ ಕಂಪನಿಯ ಷೇರುಗಳಲ್ಲಿದೆ. ಕಣ್ಣಿಗೆ ಕಾಣುವುದನ್ನೆಲ್ಲ ಹಿಡಿದು, ನಿಜವಾದ ಸಂಪತ್ತನ್ನು ಬಿಟ್ಟುಕೊಟ್ಟ ಕಾಯ್ದೆಯದು. ಅದು ಸೋತದ್ದರಿಂದ ಸಂಪತ್ತು ತೆರಿಗೆಯೇ ಅಸಾಧ್ಯವೆಂದು ಸಿದ್ಧವಾಗುವುದಿಲ್ಲ. ಷೇರನ್ನು ಬಿಟ್ಟು ಹಾಕುವ ಸಂಪತ್ತು ತೆರಿಗೆ ವ್ಯರ್ಥವೆಂಬುದು ಸಿದ್ಧವಾಗುತ್ತದೆ.

ಫ್ರಾನ್ಸಿನ ಅನುಭವವೂ ಇದಕ್ಕೆ ಹತ್ತಿರದ್ದು. ಅಲ್ಲಿ 2017ರವರೆಗೆ ಇದ್ದ ಸಂಪತ್ತು ತೆರಿಗೆಯಲ್ಲಿ ಸ್ವಂತ ಉದ್ಯಮ ನಡೆಸುವ ಒಡೆಯನ ಪಾಲಿನ ಷೇರುಗಳಿಗೆ ವಿನಾಯಿತಿ ಇತ್ತು. ಹಾಗಾಗಿ ಅತ್ಯಂತ ದೊಡ್ಡ ಶ್ರೀಮಂತರಿಗಿಂತ ಅವರ ಕೆಳಗಿನ ಮೆಟ್ಟಿಲಿನವರೇ ಹೆಚ್ಚು ಭಾರ ಹೊತ್ತರು. 2018ರಿಂದ ಅದು ಸ್ಥಿರಾಸ್ತಿಗೆ ಮಾತ್ರ ಸೀಮಿತವಾಯಿತು.

ಪ್ರಸ್ತಾಪವನ್ನು ಕೈಗೆತ್ತಿಕೊಂಡಾಗ ವಿನಾಯಿತಿಗಳ ಪಟ್ಟಿಯನ್ನು ಮೊದಲು ಬಿಡಿಸಿ ಓದಿ. ಪ್ರವರ್ತಕರ, ಅಂದರೆ ಕಂಪನಿಯನ್ನು ಕಟ್ಟಿದ ಅಥವಾ ಹಿಡಿತದಲ್ಲಿಟ್ಟುಕೊಂಡ ಒಡೆಯರ, ಷೇರು ಹೊರಗಿದೆಯೇ? ಕುಟುಂಬದ ಖಾಸಗಿ ಟ್ರಸ್ಟಿನಲ್ಲಿಟ್ಟ ಆಸ್ತಿ ಹೊರಗಿದೆಯೇ? ಗಂಡ, ಹೆಂಡತಿ, ಹಿಂದೂ ಅವಿಭಕ್ತ ಕುಟುಂಬ ಎಂದು ಪ್ರತ್ಯೇಕ ಘಟಕಗಳಾಗಿ ಮಿತಿಯನ್ನು ಹಲವು ಸಲ ಬಳಸಿಕೊಳ್ಳಲು ಅವಕಾಶವಿದೆಯೇ? ಇವುಗಳಲ್ಲಿ ಮೊದಲ ಎರಡಕ್ಕೆ ‘ಹೌದು’ ಎಂಬ ಉತ್ತರ ಬಂದರೆ ಮುಂದೆ ಓದುವ ಅಗತ್ಯವೇ ಇಲ್ಲ.

ಕೃಷಿ ಭೂಮಿಯ ವಿನಾಯಿತಿಯನ್ನು ಹೇಗೆ ನೋಡಬೇಕೆಂಬುದು ನಮ್ಮ ಭಾಗದಲ್ಲಿ ನಾಜೂಕಿನ ವಿಷಯ. ಸಾಗುವಳಿ ಮಾಡುವ ಕುಟುಂಬವನ್ನು ಎತ್ತರದ ಮಿತಿಯೇ ಕಾಪಾಡುತ್ತದೆ. ಅದರ ಮೇಲೆ ಗಾತ್ರದ ಕಟ್ಟಳೆಯಿಲ್ಲದೆ ಎಲ್ಲ ಕೃಷಿ ಭೂಮಿಗೂ ವಿನಾಯಿತಿ ಕೊಟ್ಟರೆ, ಕೃಷಿಕರಲ್ಲದವರೂ ಜಮೀನು ಕೊಳ್ಳಲು 2020ರ ತಿದ್ದುಪಡಿ ದಾರಿ ಮಾಡಿಕೊಟ್ಟಿರುವ ಕರ್ನಾಟಕದಲ್ಲಿ, ಹಣವಂತರು ತೆರಿಗೆ ತಪ್ಪಿಸಲೆಂದೇ ಗದ್ದೆ ಕೊಳ್ಳತೊಡಗುತ್ತಾರೆ; ಬೆಲೆ ಏರಿ ನಿಜವಾದ ಕೃಷಿಕನಿಗೇ ಜಮೀನು ಎಟುಕದಂತಾಗುತ್ತದೆ. ಸ್ವತಃ ಸಾಗುವಳಿ ಮಾಡುವವರಿಗೆ ಒಂದು ನಿಗದಿತ ವಿಸ್ತೀರ್ಣದವರೆಗೆ ಮಾತ್ರ ವಿನಾಯಿತಿ ಇರಲಿ ಎಂದು ರೈತರೇ ಕೇಳುವುದು ರೈತರಿಗೆ ಒಳ್ಳೆಯದು.

ಬೆಲೆ ಕಟ್ಟುವುದು ಹೇಗೆ

‘ಆಸ್ತಿಗೆ ಬೆಲೆ ಕಟ್ಟಲಾಗದು’ ಎಂಬುದು ಈ ತೆರಿಗೆಯ ವಿರುದ್ಧ ಮುಂದಿಡುವ ಗಟ್ಟಿ ವಾದ. ಅದನ್ನು ಆಸ್ತಿಯ ಬಗೆಗಳಿಗನುಸಾರವಾಗಿ ಬಿಡಿಸಿ ನೋಡಿದರೆ, ನಾವು ಅಂದುಕೊಂಡದ್ದಕ್ಕೆ ವಿರುದ್ಧವಾದ ಉತ್ತರ ಸಿಗುತ್ತದೆ: ಅತಿ ಶ್ರೀಮಂತರ ಆಸ್ತಿಗೇ ಬೆಲೆ ಕಟ್ಟುವುದು ಸುಲಭ, ಸಾಮಾನ್ಯರ ಆಸ್ತಿಗೆ ಕಷ್ಟ. ಷೇರುಪೇಟೆಯಲ್ಲಿರುವ ಕಂಪನಿಯ ಪ್ರವರ್ತಕರ ಬಳಿ ಎಷ್ಟು ಷೇರುಗಳಿವೆ ಎಂಬುದನ್ನು ಕಂಪನಿ ಮೂರು ತಿಂಗಳಿಗೊಮ್ಮೆ ಪ್ರಕಟಿಸಲೇಬೇಕು. ಬೆಲೆಯನ್ನು ಪೇಟೆಯೇ ದಿನದಿನವೂ ಹೇಳುತ್ತದೆ. ಷೇರುಗಳು ಡಿಮ್ಯಾಟ್ ಖಾತೆಗಳಲ್ಲಿ ದಾಖಲಾಗಿವೆ. ಎರಡು ಸಂಖ್ಯೆಗಳನ್ನು ಗುಣಿಸುವುದಷ್ಟೇ ಕೆಲಸ. ಷೇರುಪೇಟೆಗೆ ಬಾರದ ಕಂಪನಿಗಳ ಷೇರಿಗೆ ಬೆಲೆ ಕಟ್ಟುವುದು ನಿಜಕ್ಕೂ ತೊಡಕಿನದು, ಆದರೆ ಆದಾಯ ತೆರಿಗೆ ಇಲಾಖೆ ಅದಕ್ಕೆ ಸೂತ್ರಗಳನ್ನು ಈಗಾಗಲೇ ಬಳಸುತ್ತಿದೆ.

ಭೂಮಿಯ ಕಥೆ ಬೇರೆ. ನಿಮ್ಮ ಬಡಾವಣೆಯ ಅಥವಾ ಗ್ರಾಮದ ಮಾರ್ಗಸೂಚಿ ದರವನ್ನು, ಅಂದರೆ ನೋಂದಣಿಗಾಗಿ ಸರ್ಕಾರ ನಿಗದಿಪಡಿಸಿದ ಬೆಲೆಯನ್ನು, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ನೋಡಬಹುದು, ಉಪನೋಂದಣಾಧಿಕಾರಿ ಕಚೇರಿಯಲ್ಲೂ ಕೇಳಬಹುದು. ಆ ದರವನ್ನು ನಿಮ್ಮ ಬೀದಿಯಲ್ಲಿ ಇತ್ತೀಚೆಗೆ ನಡೆದ ವ್ಯವಹಾರದ ನಿಜವಾದ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಕ್ರಯಪತ್ರದಲ್ಲಿ ಕಾಣುವ ಮೊತ್ತಕ್ಕೂ ಕೈ ಬದಲಾದ ಮೊತ್ತಕ್ಕೂ ಇರುವ ಅಂತರ ಯಾರಿಗೂ ಹೊಸದಲ್ಲ. ಭೂಮಿಗೆ ಮಾರ್ಗಸೂಚಿ ದರ, ಷೇರಿಗೆ ಪೇಟೆಯ ಪೂರ್ಣ ಬೆಲೆ ಎಂದಾದರೆ ಒಂದೇ ಮೊತ್ತದ ಸಂಪತ್ತಿಗೆ ಎರಡು ಅಳತೆಯಾಗುತ್ತದೆ. ಜರ್ಮನಿಯಲ್ಲಿ ಇದೇ ಕಾರಣಕ್ಕೆ, ಅಂದರೆ ಸ್ಥಿರಾಸ್ತಿಗೆ ಹಳೆಯ ಕಾಲದ ಮೌಲ್ಯವನ್ನೂ ಹಣಕಾಸು ಆಸ್ತಿಗಳಿಗೆ ಚಾಲ್ತಿ ಮೌಲ್ಯವನ್ನೂ ಹಿಡಿಯುತ್ತಿದ್ದ ಕಾರಣಕ್ಕೆ, ಅಲ್ಲಿನ ಸಂವಿಧಾನ ನ್ಯಾಯಾಲಯ 1995ರಲ್ಲಿ ಆಕ್ಷೇಪವೆತ್ತಿತು. 1997ರಿಂದ ಆ ತೆರಿಗೆಯ ವಸೂಲಿಯೇ ನಿಂತಿತು.

ಆಡಳಿತಕ್ಕೆ ಬೇಕಾದ ಮಾಹಿತಿ ನಮ್ಮಲ್ಲಿ ಅರ್ಧ ಸಿದ್ಧವಾಗಿದೆ. ನಿಗದಿತ ಮಟ್ಟವನ್ನು ಮೀರಿದ ಆದಾಯವುಳ್ಳವರು ಆದಾಯ ತೆರಿಗೆ ರಿಟರ್ನಿನಲ್ಲಿ ‘ಷೆಡ್ಯೂಲ್ ಎಎಲ್’ ಎಂಬ ಭಾಗದಲ್ಲಿ ತಮ್ಮ ಆಸ್ತಿ ಮತ್ತು ಸಾಲಗಳನ್ನು ತೋರಿಸಬೇಕು. ಆ ಮಟ್ಟ ಮೊದಲು 50 ಲಕ್ಷ ರೂಪಾಯಿ ಇತ್ತು, 2025–26ರ ತೆರಿಗೆ ನಿರ್ಧಾರಣೆ ವರ್ಷದಿಂದ 1 ಕೋಟಿಯಾಗಿದೆ. ಇದರಲ್ಲಿ ಎರಡು ಕೊರತೆಗಳಿವೆ. ಆಸ್ತಿಯನ್ನು ತೋರಿಸುವುದು ಕೊಂಡ ಬೆಲೆಯಲ್ಲಿ, ಇಂದಿನ ಬೆಲೆಯಲ್ಲಲ್ಲ. ಮತ್ತು ತೋರಿಸಬೇಕೋ ಬೇಡವೋ ಎಂಬುದನ್ನು ಆದಾಯ ನಿರ್ಧರಿಸುತ್ತದೆ. ನೂರು ಕೋಟಿಯ ಷೇರಿದ್ದೂ ಲಾಭಾಂಶ ಪಡೆಯದೆ ಆದಾಯವನ್ನು ಕಡಿಮೆ ಇಟ್ಟುಕೊಂಡವರು ಅದನ್ನು ತುಂಬಬೇಕಾಗಿಯೇ ಇಲ್ಲ. ತೆರಿಗೆಯ ಮಾತು ಆಮೇಲಾಗಲಿ, ಆಸ್ತಿಯ ಮೌಲ್ಯವನ್ನೇ ಆಧಾರವಾಗಿಟ್ಟು ಘೋಷಣೆ ಪಡೆಯುವ ವ್ಯವಸ್ಥೆ ಮೊದಲು ಬರಲಿ ಎಂದು ಕೇಳುವುದು ಯಾರೂ ತಳ್ಳಿಹಾಕಲಾಗದ ಬೇಡಿಕೆ.

ನ್ಯಾಯದ ಪ್ರಶ್ನೆಯನ್ನು ಲೆಕ್ಕದಿಂದ ಕೇಳಿ

ಸಂಪತ್ತಿನ ಮೇಲೆ ತೆರಿಗೆ ಹಾಕುವುದೇ ಅನ್ಯಾಯ ಎನ್ನುವವರಿಗೆ ಮನೆ ಕಂದಾಯದ ರಸೀದಿಯನ್ನು ತೋರಿಸಿ. ಸರಸ್ವತೀಪುರಂನಲ್ಲಿ ಒಂದು ಮನೆ ಇರುವವರು, ಅದೇ ತಮ್ಮ ಜೀವಮಾನದ ಗಳಿಕೆಯಾಗಿರುವವರು, ತಮ್ಮ ಸಂಪತ್ತಿನ ಮೇಲೆ ಪ್ರತಿವರ್ಷವೂ ತೆರಿಗೆ ಕಟ್ಟುತ್ತಿದ್ದಾರೆ. ಆ ಮನೆಯ ಮೇಲೆ ಬ್ಯಾಂಕಿನ ಸಾಲ ಎಷ್ಟೇ ಇರಲಿ, ಅದನ್ನು ಕಳೆಯದೆ ಕಟ್ಟುತ್ತಿದ್ದಾರೆ. ಮನೆಯಿಂದ ಆದಾಯ ಬರದಿದ್ದರೂ ಕಟ್ಟಬೇಕು, ಮನೆ ಕಟ್ಟಿದ ಹಣಕ್ಕೆ ಹಿಂದೆ ಆದಾಯ ತೆರಿಗೆ ಕಟ್ಟಿದ್ದರೂ ಕಟ್ಟಬೇಕು. ಸಾವಿರ ಕೋಟಿಯ ಷೇರುಗಳನ್ನು ಇಟ್ಟುಕೊಂಡವರಿಗೆ ಆ ಷೇರುಗಳ ಮೇಲೆ ಇಂಥ ವಾರ್ಷಿಕ ತೆರಿಗೆ ಯಾವುದೂ ಇಲ್ಲ. ಮಧ್ಯಮ ವರ್ಗದ ಸಂಪತ್ತಿಗೆ ಇರುವ ತೆರಿಗೆಯನ್ನು ಅತಿ ಶ್ರೀಮಂತರ ಸಂಪತ್ತಿಗೂ ವಿಸ್ತರಿಸುವುದು ಹೊಸ ತತ್ತ್ವವಲ್ಲ.

ಆದಾಯದ ಕಡೆಯಿಂದಲೂ ಹೋಲಿಸಿ ನೋಡಬಹುದು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ವರ್ಷಕ್ಕೆ 60 ಲಕ್ಷ ಸಂಬಳ ಪಡೆಯುವ ತಜ್ಞ ವೈದ್ಯರೊಬ್ಬರು 2025–26ರ ಹೊಸ ಪದ್ಧತಿಯಲ್ಲಿ ಸರ್ಚಾರ್ಜ್ ಮತ್ತು ಸೆಸ್ (ತೆರಿಗೆಯ ಮೇಲೆ ಬೀಳುವ ಹೆಚ್ಚುವರಿ ತೆರಿಗೆಗಳು) ಸೇರಿ ಸುಮಾರು 15.5 ಲಕ್ಷ ಆದಾಯ ತೆರಿಗೆ ಕಟ್ಟುತ್ತಾರೆ. ಅಂದರೆ ಸುಮಾರು ಶೇಕಡಾ 26. ಇನ್ನೊಬ್ಬರ ಬಳಿ 1,000 ಕೋಟಿಯ ಷೇರುಗಳಿವೆ ಎನ್ನಿ. ವರ್ಷದಲ್ಲಿ 10 ಕೋಟಿ ಲಾಭಾಂಶ ಬಂದಿತು, ಷೇರುಗಳ ಬೆಲೆ 100 ಕೋಟಿ ಏರಿತು. ಲಾಭಾಂಶದ ಮೇಲೆ ಸುಮಾರು 3.6 ಕೋಟಿ ತೆರಿಗೆ. ಏರಿದ ಬೆಲೆಯ ಮೇಲೆ ಷೇರು ಮಾರುವವರೆಗೂ ತೆರಿಗೆಯಿಲ್ಲ. 110 ಕೋಟಿಯ ಗಳಿಕೆಗೆ ಶೇಕಡಾ 3.3 ಆಯಿತು. ‘ಕಂಪನಿ ತನ್ನ ಲಾಭದ ಮೇಲೆ ಶೇಕಡಾ 25ರಷ್ಟು ತೆರಿಗೆಯನ್ನು ಈಗಾಗಲೇ ಕಟ್ಟಿದೆ, ಅದನ್ನೂ ಸೇರಿಸಿ’ ಎಂದು ಎದುರು ಪಕ್ಷ ಹೇಳುತ್ತದೆ, ಆ ಮಾತಿನಲ್ಲಿ ಹುರುಳಿದೆ. ಇವರ ಪಾಲಿನ ಲಾಭ 40 ಕೋಟಿ, ಅದರ ಮೇಲಿನ ಕಂಪನಿ ತೆರಿಗೆ 10 ಕೋಟಿ ಎಂದು ಸೇರಿಸಿ ಲೆಕ್ಕ ಹಾಕಿದರೆ 120 ಕೋಟಿಗೆ 13.6 ಕೋಟಿ, ಅಂದರೆ ಶೇಕಡಾ 11ರಷ್ಟು. ಎದುರು ವಾದವನ್ನು ಪೂರ್ತಿ ಒಪ್ಪಿಕೊಂಡರೂ ವೈದ್ಯರ ಭಾರದ ಅರ್ಧವೂ ಆಗುವುದಿಲ್ಲ. ಷೇರನ್ನು ಎಂದಾದರೂ ಮಾರಿದರೆ ಶೇಕಡಾ 12.5ರ ದೀರ್ಘಾವಧಿ ಬಂಡವಾಳ ಲಾಭದ ತೆರಿಗೆಯೂ ಅದರ ಮೇಲಿನ ಸರ್ಚಾರ್ಜೂ ಬೀಳುತ್ತವೆ ನಿಜ; ಆದರೆ ಮಾರದೆಯೇ ಮಕ್ಕಳಿಗೆ ದಾಟಿಸಬಹುದು. ನಮ್ಮಲ್ಲಿದ್ದ ಮರಣೋತ್ತರ ಆಸ್ತಿ ತೆರಿಗೆ 1985ರಲ್ಲೇ ರದ್ದಾಗಿದೆ.

ಸಂವಿಧಾನದ 39ನೆಯ ವಿಧಿಯು ಸಂಪತ್ತು ಕೆಲವರಲ್ಲೇ ಕೇಂದ್ರೀಕೃತವಾಗಿ ಸಾರ್ವಜನಿಕರಿಗೆ ಹಾನಿಯಾಗದಂತೆ ನೋಡಿಕೊಳ್ಳಬೇಕೆಂದು ಪ್ರಭುತ್ವಕ್ಕೆ ನಿರ್ದೇಶಿಸುತ್ತದೆ. ಮೇಲೆ ಹೇಳಿದ ಸಂಶೋಧಕರ ಅಂದಾಜಿನಲ್ಲಿ 2022–23ರಲ್ಲಿ ದೇಶದ ಸಂಪತ್ತಿನ ಶೇಕಡಾ 40.1 ಭಾಗ ಮೇಲಿನ ಶೇಕಡಾ ಒಂದರಷ್ಟು ಜನರ ಕೈಯಲ್ಲಿತ್ತು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿದ್ದನ್ನು ಕಂಡಿರುವ ನಮ್ಮ ಹಳ್ಳಿಗಳಿಗೆ ಈ ತತ್ತ್ವವನ್ನು ಯಾರೂ ಕಲಿಸಬೇಕಾಗಿಲ್ಲ. ಭೂಮಿಯೇ ಸಂಪತ್ತಾಗಿದ್ದ ಕಾಲದಲ್ಲಿ ಭೂಮಿಗೆ ಮಿತಿ ಬಂದಿತು; ಈಗ ಸಂಪತ್ತು ಬೇರೆಡೆಗೆ ಹೋಗಿದೆ, ಕಾನೂನು ಅದನ್ನು ಹಿಂಬಾಲಿಸಿಲ್ಲ.

ಕಟ್ಟಲು ಹಣವೆಲ್ಲಿ, ಓಡಿಹೋದರೆ ಏನು

ಸಾವಿರ ಕೋಟಿಯವರಿಗೆ ಹತ್ತು ಕೋಟಿ ಮಿತಿ ಕಳೆದು ಶೇಕಡಾ 2ರಂತೆ 19.8 ಕೋಟಿ ತೆರಿಗೆ ಬರುತ್ತದೆ. ಕೈಗೆ ಬಂದ ಲಾಭಾಂಶ 10 ಕೋಟಿ ಮಾತ್ರ. ಉಳಿದದ್ದಕ್ಕೆ ಷೇರು ಮಾರಬೇಕಾಗುತ್ತದೆ. ಬೆಲೆ ಏರಿದ ವರ್ಷ ಇದು ಹೊರೆಯಲ್ಲ. ಪೇಟೆ ಕುಸಿದ ವರ್ಷ, ಅಥವಾ ಕಾಗದದ ಮೇಲೆ ಮಾತ್ರ ದೊಡ್ಡ ಬೆಲೆಯುಳ್ಳ ಹೊಸ ಉದ್ಯಮದ ಸ್ಥಾಪಕರಿಗೆ, ಇದು ನಿಜವಾದ ತೊಂದರೆ. ಆದ್ದರಿಂದ ಪ್ರಸ್ತಾಪದಲ್ಲಿ ಮೂರು ವರ್ಷಗಳ ಸರಾಸರಿ ಬೆಲೆ, ಕಂತುಗಳ ಅವಕಾಶ, ನಗದಿನ ಬದಲು ಷೇರನ್ನೇ ಕೊಡುವ ಅವಕಾಶ ಇವೆಯೇ ಎಂದು ನೋಡಬೇಕು. ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಜುಕ್ಮನ್ ಅವರು ಬ್ರೆಜಿಲ್ ಅಧ್ಯಕ್ಷತೆಯ ಜಿ20ಕ್ಕಾಗಿ 2024ರಲ್ಲಿ ಸಿದ್ಧಪಡಿಸಿದ ವರದಿಯ ಮಾರ್ಗ ನನಗೆ ಹೆಚ್ಚು ಒಪ್ಪಿತ. ನೂರು ಕೋಟಿ ಡಾಲರ್, ಅಂದರೆ 8,000 ಕೋಟಿ ರೂಪಾಯಿಗೂ ಹೆಚ್ಚು ಸಂಪತ್ತುಳ್ಳ ಸುಮಾರು 3,000 ಜನರು ಎಲ್ಲ ತೆರಿಗೆಗಳನ್ನೂ ಸೇರಿ ತಮ್ಮ ಸಂಪತ್ತಿನ ಕನಿಷ್ಠ ಶೇಕಡಾ 2 ಕಟ್ಟಿರಬೇಕು. ಆದಾಯ ತೆರಿಗೆಯಾಗಿ ಈಗಾಗಲೇ ಅಷ್ಟು ಕಟ್ಟಿದವರಿಗೆ ಹೆಚ್ಚುವರಿ ಏನೂ ಇಲ್ಲ. ಪ್ರಾಮಾಣಿಕವಾಗಿ ಕಟ್ಟುತ್ತಿರುವವರನ್ನು ಮುಟ್ಟದೆ ತಪ್ಪಿಸಿಕೊಳ್ಳುವವರನ್ನು ಮಾತ್ರ ಹಿಡಿಯುವ ವಿನ್ಯಾಸವಿದು. ವರ್ಷಕ್ಕೆ 20,000 ಕೋಟಿಯಿಂದ 25,000 ಕೋಟಿ ಡಾಲರ್ ಬಂದೀತೆಂದು ಆ ವರದಿಯ ಅಂದಾಜು.

ಶ್ರೀಮಂತರು ದೇಶ ಬಿಡುತ್ತಾರೆಂಬ ಭಯವನ್ನು ತಳ್ಳಿಹಾಕಬಾರದು, ದೊಡ್ಡದು ಮಾಡಲೂಬಾರದು. ನಾರ್ವೆಯಲ್ಲಿ 2022ರಲ್ಲಿ ದರ ಏರಿದ ಮೇಲೆ ಹಲವು ಸಿರಿವಂತರು ಸ್ವಿಟ್ಜರ್ಲೆಂಡಿಗೆ ವಾಸ ಬದಲಿಸಿದರು. ದೇಶ ಬಿಟ್ಟು ಹೋಗುವವರ ಮೇಲೆ ಹಾಕುವ ನಿರ್ಗಮನ ತೆರಿಗೆಯನ್ನು ನಾರ್ವೆ ಬಿಗಿಗೊಳಿಸಬೇಕಾಯಿತು. ಅವರು ಹೋಗಿ ನೆಲೆಸಿದ ಸ್ವಿಟ್ಜರ್ಲೆಂಡಿನ ಪ್ರಾಂತಗಳಲ್ಲೂ ಸಂಪತ್ತು ತೆರಿಗೆ ಇದೆ. ಮುಂದುವರಿದ ದೇಶಗಳ ಒಇಸಿಡಿ ಒಕ್ಕೂಟದಲ್ಲಿ 1990ರಲ್ಲಿ ಹನ್ನೆರಡು ದೇಶಗಳು ಈ ತೆರಿಗೆ ವಿಧಿಸುತ್ತಿದ್ದವು, 2017ರ ಹೊತ್ತಿಗೆ ನಾಲ್ಕೇ ಉಳಿದವು ಎಂಬುದನ್ನು ಸಭೆಯಲ್ಲಿ ಮುಚ್ಚಿಡಬೇಡಿ. ಆ ದೇಶಗಳಲ್ಲಿ ಬಹುತೇಕ ಕಡೆ ಗಡಿಯಾಚೆಗೆ ಹಣ ಒಯ್ಯುವುದು ಸುಲಭವಿತ್ತು. ಭಾರತದಲ್ಲಿ ನಿವಾಸಿಯೊಬ್ಬರು ವರ್ಷಕ್ಕೆ ಹೊರಗೆ ಕಳುಹಿಸಬಹುದಾದದ್ದು ಎರಡೂವರೆ ಲಕ್ಷ ಡಾಲರ್ ಮಾತ್ರ. ವಿದೇಶಿ ಬ್ಯಾಂಕ್ ಖಾತೆಗಳ ಮಾಹಿತಿ 2017ರಿಂದ ದೇಶಗಳ ನಡುವೆ ತಾನಾಗಿಯೇ ವಿನಿಮಯವಾಗುತ್ತಿದೆ. ಇಲ್ಲಿನ ಕಾರ್ಖಾನೆಯನ್ನೂ ಇಲ್ಲಿನ ಕಂಪನಿಯ ಷೇರನ್ನೂ ಒಡೆಯ ತನ್ನೊಡನೆ ವಿಮಾನದಲ್ಲಿ ಒಯ್ಯಲಾರ. ಪ್ರಸ್ತಾಪದಲ್ಲಿ ವಾಸಸ್ಥಳ ಬದಲಿಸಿದ ಅನಂತರವೂ ಕೆಲವು ವರ್ಷ ತೆರಿಗೆ ಮುಂದುವರಿಯುವ ನಿಯಮವಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಅದನ್ನು ಸೇರಿಸಲು ಒತ್ತಾಯಿಸಿ.

ದರದ ಪ್ರಶ್ನೆ ಈಗ ಬರಲಿ. 1973–74ರಲ್ಲಿ ಆದಾಯ ತೆರಿಗೆಯ ಗರಿಷ್ಠ ದರ ಸರ್ಚಾರ್ಜ್ ಸೇರಿ ಶೇಕಡಾ 97.75 ಇತ್ತು, ಸಂಪತ್ತು ತೆರಿಗೆ ಅದರ ಮೇಲೆ ಬೇರೆ. ಆ ಕಾಲ ಮರಳಬೇಕೆಂದು ಯಾರೂ ಬಯಸಬಾರದು. ಕಪ್ಪು ಹಣಕ್ಕೆ ಅಂಥ ದರಗಳೇ ಗೊಬ್ಬರ. ವಿನಾಯಿತಿಯಿಲ್ಲದ ಶೇಕಡಾ ಒಂದು, ವಿನಾಯಿತಿಗಳಿಂದ ತುಂಬಿದ ಶೇಕಡಾ ಐದಕ್ಕಿಂತ ಹೆಚ್ಚು ತರುತ್ತದೆ.

ಬಂದ ಹಣ ಯಾರ ಖಜಾನೆಗೆ

ಕರ್ನಾಟಕದವರು ಮರೆಯದೆ ಕೇಳಬೇಕಾದ ಪ್ರಶ್ನೆ ಇದು. 2015ರಲ್ಲಿ ಸಂಪತ್ತು ತೆರಿಗೆಯನ್ನು ತೆಗೆದು, ಅದರ ಬದಲಿಗೆ ಒಂದು ಕೋಟಿ ಮೀರಿದ ಆದಾಯದ ಮೇಲೆ ಶೇಕಡಾ 2ರ ಹೆಚ್ಚುವರಿ ಸರ್ಚಾರ್ಜ್ ಹಾಕಲಾಯಿತು. ಸುಮಾರು 9,000 ಕೋಟಿ ಹೆಚ್ಚುವರಿ ಬರುವುದೆಂದು ಬಜೆಟ್ ಭಾಷಣ ಹೇಳಿತು. ಸಂಪತ್ತು ತೆರಿಗೆ ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ತೆರಿಗೆಯಾಗಿತ್ತು. ಸರ್ಚಾರ್ಜ್ ಮತ್ತು ಸೆಸ್ ಕೇಂದ್ರದಲ್ಲೇ ಉಳಿಯುತ್ತವೆ. 2025–26ರವರೆಗಿನ ಹದಿನೈದನೆಯ ಹಣಕಾಸು ಆಯೋಗದ ಸೂತ್ರದಂತೆ ಹಂಚಿಕೆಯ ನಿಧಿಯ ಶೇಕಡಾ 41 ರಾಜ್ಯಗಳಿಗೆ, ಅದರಲ್ಲಿ ಶೇಕಡಾ 3.647 ಕರ್ನಾಟಕಕ್ಕೆ ಸಲ್ಲುತ್ತಿತ್ತು. ಆ ಸೂತ್ರದಲ್ಲಿ, ನಿವ್ವಳವಾಗಿ ಸಂಗ್ರಹವಾದ ಪ್ರತಿ ನೂರು ರೂಪಾಯಿ ಸಂಪತ್ತು ತೆರಿಗೆಯಲ್ಲಿ ನಮ್ಮ ರಾಜ್ಯಕ್ಕೆ ಸುಮಾರು ಒಂದೂವರೆ ರೂಪಾಯಿ ಬರುತ್ತಿತ್ತು. ಅದೇ ನೂರು ರೂಪಾಯಿಯನ್ನು ಸರ್ಚಾರ್ಜ್ ಆಗಿ ವಸೂಲು ಮಾಡಿದರೆ ಏನೂ ಬರುವುದಿಲ್ಲ. ಮಂಡ್ಯ ಅಥವಾ ಮೈಸೂರಿನ ಸಂಸದರಿಗೆ ಮನವಿ ಬರೆಯುವಾಗ ಪ್ರವರ್ತಕರ ಷೇರು ಸೇರಬೇಕು, ಮಿತಿ ಹತ್ತು ಕೋಟಿಗಿಂತ ಕೆಳಗಿಳಿಯಬಾರದು ಎಂಬುದರ ಜೊತೆಗೆ, ಇದು ಸರ್ಚಾರ್ಜ್ ಆಗಿರದೆ 270ನೆಯ ವಿಧಿಯ ಅಡಿಯಲ್ಲಿ ಹಂಚಿಕೆಯಾಗುವ ತೆರಿಗೆಯಾಗಿಯೇ ಬರಬೇಕು ಎಂಬ ಸಾಲನ್ನು ಸೇರಿಸಿ.